ಕಾನೂನು ಹತ್ತದ ಮರ

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಕೆರೆಕಟ್ಟೆ. ಸುತ್ತ ಕಾಡು, ಕಣಿವೆಗಳಲ್ಲಿ ಅಡಿಕೆ ತೋಟ, ಮಳೆಗಾಲದಲ್ಲಿ ದಿನಗಟ್ಟಲೆ ಬಿಡದ ಮಳೆ. ಇಂಥ ಊರಿನವನು ಅಪಾಯಕರ ಉದ್ಯಮಗಳಲ್ಲಿ ಕಾರ್ಮಿಕರ ಸುರಕ್ಷತೆಯನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ವಿಚಿತ್ರವೆನಿಸಬಹುದು. ಅಪಾಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗಣಿ, ಯಂತ್ರ, ವಿಷಾನಿಲ. ಆದರೆ ಹಲವು ವರ್ಷಗಳ ಹಿಂದಿನ ಒಂದು ಶ್ರಾವಣದ ಬೆಳಿಗ್ಗೆ ನನ್ನ ಈ ಎಣಿಕೆಯನ್ನು ಬದಲಿಸಿತು.

ಮಳೆ ತುಸು ಹೊಳವಾಗಿತ್ತು. ಕೊಳೆರೋಗಕ್ಕೆ ಎರಡನೆಯ ಸಲ ಔಷಧಿ ಹೊಡೆಯುವುದು ತಡವಾಗಿತ್ತು. ಕೊನೆಗಾರ ಮರವನ್ನು ಮುಟ್ಟಿ ನೋಡಿ, “ಅಯ್ಯಾ, ಮರ ಇನ್ನೂ ಜಾರ್ತದೆ. ನಾಳೆ ಹತ್ತುವ” ಎಂದ. “ನಾಳೆ ಮಳೆ ಹಿಡಿದರೆ ಬೆಳೆಯೆಲ್ಲ ನೆಲಕ್ಕೆ” ಎಂದೆ ನಾನು. ಅವನು ಮರುಮಾತಾಡಲಿಲ್ಲ. ಕಾಲಿಗೆ ತಳೆ ಹಾಕಿ ಹತ್ತಿದ. ನಾಲ್ಕನೆಯ ಮರದಿಂದ ಬಿದ್ದ. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಆಸ್ಪತ್ರೆಯ ಖರ್ಚನ್ನು ನಾನೇ ಕೊಟ್ಟೆ. ಮತ್ತೆ ಮರ ಹತ್ತುವ ಶಕ್ತಿಯನ್ನು ಕೊಡುವುದು ನನ್ನಿಂದಾಗಲಿಲ್ಲ.

ಆಮೇಲೆ ನಾನು ಕಾನೂನಿನ ಪುಸ್ತಕಗಳನ್ನು ತಿರುವಿದೆ. ನಮ್ಮ ನಾಡಿನ ಸರ್ಕಾರಗಳು ಕೈಕಟ್ಟಿ ಕುಳಿತಿರಲಿಲ್ಲವೆಂಬುದು ನಿಜ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಕಾರ್ಮಿಕರ ಶ್ವಾಸಕೋಶಗಳನ್ನು ಕೆಡಿಸುತ್ತಿತ್ತು. ಅದರಿಂದ ಬರುವ ಸಿಲಿಕೋಸಿಸ್ ರೋಗವನ್ನು ಪರಿಹಾರಕ್ಕೆ ಅರ್ಹವೆಂದು ಮೈಸೂರು ಸಂಸ್ಥಾನ 1940ರಲ್ಲಿಯೇ ಒಪ್ಪಿಕೊಂಡಿತು. ಬೆಟ್ಟದಾಚೆ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಕಬ್ಬಿಣದ ಅದಿರನ್ನು ತೆಗೆಯುತ್ತಿದ್ದಾಗ ಅಲ್ಲಿನ ಕೆಲಸಗಾರರಿಗೆ 1952ರ ಗಣಿ ಕಾಯಿದೆಯ ಆಸರೆಯಿತ್ತು. 1984ರ ಭೋಪಾಲದ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯಿದೆಗೆ ಹೊಸ ಅಧ್ಯಾಯವೊಂದು ಸೇರಿತು. ಅಪಾಯವು ಹತ್ತಿರವಿದೆಯೆಂದು ತೋರಿದರೆ ಆಡಳಿತವನ್ನು ಎಚ್ಚರಿಸುವ ಹಕ್ಕು ಕಾರ್ಮಿಕನಿಗೆ ದೊರೆಯಿತು. ಆ ಎಚ್ಚರಿಕೆಯನ್ನು ಮನ್ನಿಸುವ ಹೊಣೆ ಆಡಳಿತದ ಮೇಲೆ ಬಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ಮರವನ್ನು ಮುಟ್ಟಿ ನೋಡಿದ ಆ ಕೈ.

ಅಡಿಕೆಯ ವಿಷಯದಲ್ಲಿಯೂ ಸರ್ಕಾರ ಉದಾಸೀನವಾಗಿರಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಬಳಕೆಯನ್ನು ಮಲೆನಾಡಿಗೆ ಕಲಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಈ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಹೀಗೆ ಕೊನೆಗೆ ರಕ್ಷಣೆ ಸಿಕ್ಕಿತು, ಕೊನೆಗಾರನಿಗೆ ಸಿಗಲಿಲ್ಲ.

ಏಕೆಂದರೆ ಕಾನೂನು ಅಪಾಯವನ್ನು ಅಳೆಯುವ ಮೊದಲು ತಲೆಗಳನ್ನು ಎಣಿಸುತ್ತದೆ. 1951ರ ತೋಟ ಕಾರ್ಮಿಕರ ಕಾಯಿದೆ ಹೆಸರಿಸಿದ್ದು ಚಹ, ಕಾಫಿ, ರಬ್ಬರು, ಸಿಂಕೋನ, ಏಲಕ್ಕಿಗಳನ್ನು. ಅದೂ ಹದಿನೈದು ಮಂದಿ ದುಡಿಯುವ ದೊಡ್ಡ ತೋಟಗಳಲ್ಲಿ. ಹದಿಮೂರು ಕಾಯಿದೆಗಳನ್ನು ಒಂದುಗೂಡಿಸಿದ 2020ರ ಸಂಹಿತೆಯೂ ಸಾಮಾನ್ಯವಾಗಿ ಹತ್ತು ಜನರಿಂದ ಲೆಕ್ಕ ಹಿಡಿಯುತ್ತದೆ. ನಮ್ಮ ತೋಟದಲ್ಲಿ ಅಂದು ಇದ್ದವರು ಇಬ್ಬರು. ಆದರೆ ಜೀವಕ್ಕೆ ಅಪಾಯವಿರುವ ಕೆಲಸವನ್ನು, ಜನ ಎಷ್ಟೇ ಕಡಮೆಯಿರಲಿ, ಘೋಷಣೆಯಿಂದ ಒಳಗೆ ತರುವ ಅವಕಾಶ ಆ ಸಂಹಿತೆಯಲ್ಲಿದೆ. ಮರ ಹತ್ತುವ ಕೆಲಸವೂ ಆ ಘೋಷಣೆಯಲ್ಲಿ ಸೇರಬೇಕೆಂಬುದು ನನ್ನ ಬಿನ್ನಹ.

ಹಾಗೆಂದು ತಪ್ಪನ್ನೆಲ್ಲ ಕಾನೂನಿನ ಮೇಲೆ ಹೊರಿಸಿ ನಾನು ಪಾರಾಗಲಾರೆ. ಅಂದು ಒಂದು ದಿನ ಕಾಯಬೇಡವೆಂದು ಯಾವ ಕಾಯಿದೆಯೂ ನನಗೆ ಹೇಳಿರಲಿಲ್ಲ. ಈಗ ಸಾಧ್ಯವಿದ್ದ ಮರಗಳಿಗೆ ನೆಲದ ಮೇಲೆಯೇ ನಿಂತು, ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಿಂದ ಔಷಧಿ ಹೊಡೆಸುತ್ತೇನೆ. ಹತ್ತಲೇಬೇಕಾದಲ್ಲಿ, ಮರ ಒಣಗಿದೆಯೋ ಇಲ್ಲವೋ ಎಂಬುದನ್ನು ಹತ್ತುವವನೇ ತೀರ್ಮಾನಿಸುತ್ತಾನೆ. ಕೆಲವು ವರ್ಷ ಅದರಿಂದ ಸ್ವಲ್ಪ ಅಡಿಕೆ ಉದುರಿದೆ. ಉದುರಲಿ.