ಎರಡು ದಿನದ ಕೂಲಿ



ಇಂದು, ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. ಮೊನ್ನೆ 9ರಂದು ಸಂತ ಅಪೊಲೋನಿಯಾಳ ಸ್ಮರಣೆ. 249ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ವಿಶ್ವಾಸಕ್ಕಾಗಿ ಹಲ್ಲು ಮುರಿಸಿಕೊಂಡು ಪ್ರಾಣತೆತ್ತ ಈ ವೃದ್ಧ ಕನ್ಯೆ ಹಲ್ಲುನೋವಿನವರ ಪಾಲಕಿ.

ಹಲ್ಲುನೋವೂ ಒಂದು ರೋಗವೇ ಎಂದು ನಾವು ನಗುತ್ತೇವೆ. ಬೈಲಹೊಂಗಲದ ಹೊಲದಾಳಿಗೆ, ರಾಮದುರ್ಗದ ನೇಕಾರನಿಗೆ ಅದು ನಗುವ ಮಾತಲ್ಲ. ಸವದತ್ತಿ, ಕಿತ್ತೂರು ಕಡೆಯ ಬಡವರು ಕಡಿಮೆ ಖರ್ಚಿನ ಚಿಕಿತ್ಸೆಗೆಂದು ಬೆಳಗಾವಿಯ ದಂತ ಕಾಲೇಜಿಗೆ ಹೋದರೆ ಬಸ್ಸಿನ ಖರ್ಚು, ಮೇಲೆ ಆ ದಿನದ ಕೂಲಿ ನಷ್ಟ. ಹೀಗೆ ಸಣ್ಣ ತೂತು ತುಂಬಿಸುವುದು ಮುಂದೆ ಹೋಗುತ್ತದೆ. ಲವಂಗ ಇಡುತ್ತಾರೆ, ಕೆಲವರು ತಂಬಾಕಿನ ಪುಡಿ ತಿಕ್ಕುತ್ತಾರೆ. ನೋವಿಗೆ ಹಿಡಿದ ತಂಬಾಕು ಚಟವಾಗುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿಯಾಗುತ್ತದೆ. ಕೊನೆಗೆ ಹಲ್ಲು ಕೀಳಿಸಿ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಾರೆ.

ಸರಕಾರ ಏನೂ ಮಾಡಿಲ್ಲವೆಂದಲ್ಲ. ದಂತಭಾಗ್ಯ ಯೋಜನೆ ಬಡ ವೃದ್ಧರಿಗೆ ಕಟ್ಟುಹಲ್ಲು ಕೊಡಿಸಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೆರವು ಮುಖ್ಯವಾಗಿ ಆಸ್ಪತ್ರೆಗೆ ಸೇರುವ ರೋಗಿಗೆ. ಹಲ್ಲು ತುಂಬಿಸುವಂಥ ದಿನನಿತ್ಯದ ಚಿಕಿತ್ಸೆಗೆ ಬಡವನು ಹೆಚ್ಚಾಗಿ ತನ್ನ ಕಿಸೆಯನ್ನೇ ನೋಡಬೇಕು.

ನಾವೇನು ಮಾಡುತ್ತೇವೆ? ವರ್ಷಕ್ಕೊಂದು ಶಿಬಿರ, ಒಂದು ಫೋಟೋ. ಬೇರಿನ ಚಿಕಿತ್ಸೆಗೆ ಎರಡು ಮೂರು ಸಲ ಬರಬೇಕು. ಶಿಬಿರ ಸಂಜೆಗೆ ಎದ್ದುಹೋಗುತ್ತದೆ. ಕುರ್ಚಿ ದಾನ ಕೊಡುವವರು ಸಿಗುತ್ತಾರೆ. ತಿಂಗಳು ತಿಂಗಳು ಕೈಗವಸು, ಅರಿವಳಿಕೆ ಮದ್ದು, ವಿದ್ಯುತ್ತು, ಸಹಾಯಕಿಯ ಸಂಬಳ ಕೊಡುವವರು ಸಿಗುವುದಿಲ್ಲ.

ಶುಭಸಂದೇಶದ ಸಮಾರ್ಯದವನನ್ನು ನೆನೆಯೋಣ. ಅವನು ಗಾಯಕ್ಕೆ ಎಣ್ಣೆ ಹಚ್ಚಿ ಕೈತೊಳೆದುಕೊಳ್ಳಲಿಲ್ಲ. ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ ಇಟ್ಟ. ಹೆಚ್ಚು ಖರ್ಚಾದರೆ ಮರಳಿ ಬಂದಾಗ ಕೊಡುವೆನೆಂದ. ಮರಳಿ ಬರುವ ಪ್ರೀತಿಯೇ ನಿಜವಾದ ಪ್ರೀತಿ.

ಈ ಹಬ್ಬದ ದೀಪಾಲಂಕಾರವನ್ನು ಸ್ವಲ್ಪ ತಗ್ಗಿಸೋಣ. ವರ್ಷಕ್ಕೆ ಎರಡು ದಿನದ ದುಡಿಮೆಯನ್ನು ಪ್ರತಿ ಕುಟುಂಬವೂ ಮೀಸಲಿಡೋಣ. ಧರ್ಮಕೇಂದ್ರದ ಒಂದು ಕೋಣೆಯಲ್ಲಿ ವಾರಕ್ಕೊಂದು ದಿನವಾದರೂ ತಪ್ಪದೆ ನಡೆಯುವ ದಂತ ಚಿಕಿತ್ಸಾಲಯಕ್ಕೆ ಅದು ಸಲ್ಲಲಿ. ಬರುವವರ ಜಾತಿ, ಧರ್ಮ ಕೇಳುವುದು ಬೇಡ, ಸಮಾರ್ಯದವನೂ ಕೇಳಲಿಲ್ಲ.

ನೋವಿನಿಂದ ಮುಚ್ಚಿದ ಬಾಯಿ ನಮ್ಮ ಕಾಣಿಕೆಯಿಂದ ನಗಲು ತೆರೆದರೆ, ಮಾತೆ ಮರಿಯಳಿಗೆ ಅದೇ ಹೂಮಾಲೆ. ಆಮೆನ್.