ಕಾನೂನಿನ ಪದಕ್ಕೆ ಅರ್ಥ ಎಲ್ಲಿಂದ ಬರುತ್ತದೆ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ಒಬ್ಬ ತಾಯಿ ನಮ್ಮಲ್ಲಿಗೆ ಬಂದಿದ್ದರು. ಮಗಳ ಮದುವೆಯಾಗಿ ಮೂರು ವರ್ಷ. ಮನೆ ಕಟ್ಟಲು ದುಡ್ಡು ತಾ ಎಂದು ಅಳಿಯ ಅವಳನ್ನು ಮೂರು ಸಲ ತವರಿಗೆ ಅಟ್ಟಿದ್ದಾನೆ. ಬರಿಗೈಲಿ ವಾಪಸು ಹೋದಾಗಲೆಲ್ಲ ಹೊಡೆತ. "ಇದು ವರದಕ್ಷಿಣೆ ಕಿರುಕುಳ" ಎಂದೆ ನಾನು. ಆ ತಾಯಿ ಒಪ್ಪಲಿಲ್ಲ. "ಅಲ್ಲ ಕಣಮ್ಮ, ವರದಕ್ಷಿಣೆ ಮದುವೇಲೇ ಕೊಟ್ಟು ಮುಗಿಸಿದೀವಿ. ಇದು ಮನೆ ಕಟ್ಟೋಕೆ ಕೇಳಿದ್ದು" ಎಂದರು.

ಒಂದು ಕಾಲಕ್ಕೆ ದೇಶದ ಸುಪ್ರೀಂ ಕೋರ್ಟೂ ಹೆಚ್ಚುಕಡಿಮೆ ಹೀಗೆಯೇ ಹೇಳಿತ್ತು. ಆಮೇಲೆ ಅದೇ ಕೋರ್ಟು ಆ ಮಾತನ್ನು ತಿದ್ದಿತು. ಅದು ಹೇಗಾಯಿತು ಎಂದು ಇವತ್ತು ನೋಡೋಣ.

ಮೊದಲು ನಮ್ಮ ಸಂಘದ್ದೇ ಒಂದು ಉದಾಹರಣೆ. "ಸಾಲವನ್ನು ಮನೆಯ ಅಗತ್ಯಕ್ಕೆ ಮಾತ್ರ ಬಳಸಬೇಕು" ಎಂದು ಠರಾವು ಬರೆದಿದ್ದೇವೆ ಎನ್ನಿ. ಒಬ್ಬಾಕೆ ಆ ದುಡ್ಡಿನಲ್ಲಿ ಕಾಯಿಲೆ ಬಿದ್ದ ಎಮ್ಮೆಗೆ ಔಷಧಿ ಕೊಡಿಸಿದಳು. ಎಮ್ಮೆಯ ಔಷಧಿ ಮನೆಯ ಅಗತ್ಯವೇ? ಬರೀ ಪದ ಹಿಡಿದು ಕೂತರೆ ಜಗಳ ಮುಗಿಯುವುದಿಲ್ಲ. ಆ ಠರಾವು ಯಾಕೆ ಬರೆದೆವು? ಸಾಲದ ದುಡ್ಡು ಕುಡಿತಕ್ಕೆ, ಇಸ್ಪೀಟಿಗೆ ಹೋಗಬಾರದು ಎಂದು. ಹಾಗಾದರೆ ಹಾಲು ಕೊಟ್ಟು ಮನೆ ಸಾಕುವ ಎಮ್ಮೆಯ ಔಷಧಿ ಮನೆಯ ಅಗತ್ಯವೇ. ನ್ಯಾಯಾಧೀಶರೂ ಹೀಗೆಯೇ ನೋಡುತ್ತಾರೆ. ಆ ಪದದ ಅಕ್ಕಪಕ್ಕ ಏನಿದೆ, ಆ ಕಾನೂನು ಯಾಕೆ ಹುಟ್ಟಿತು, ಯಾವ ಕೇಡನ್ನು ತಡೆಯಲು ಬಂತು, ಎಲ್ಲವನ್ನೂ ಕೂಡಿಸಿ ಓದುತ್ತಾರೆ.

1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ, ಮದುವೆಗೆ "ಪ್ರತಿಫಲವಾಗಿ" ಕೊಟ್ಟದ್ದು ವರದಕ್ಷಿಣೆ ಎಂದಿತ್ತು. ಪ್ರತಿಫಲವೆಂದು ಸಾಬೀತು ಮಾಡುವುದು ಯಾರ ಕೈಲಾದೀತು? ಕೊಟ್ಟದ್ದೆಲ್ಲ "ಉಡುಗೊರೆ" ಎಂದುಬಿಟ್ಟರೆ ಮುಗಿಯಿತು. ಸೊಸೆಯಂದಿರು ಸುಟ್ಟು ಸಾಯುತ್ತಲೇ ಇದ್ದರು. ಹೆಂಗಸರು ಬೀದಿಗಿಳಿದು ಕೇಳಿದರು. 1983ರಲ್ಲಿ ಕ್ರೌರ್ಯದ ವಿರುದ್ಧ 498ಎ ಕಲಮು ಬಂತು. 1984ರಲ್ಲಿ "ಪ್ರತಿಫಲವಾಗಿ" ಎಂಬುದನ್ನು ತೆಗೆದು "ಮದುವೆಗೆ ಸಂಬಂಧಿಸಿದಂತೆ" ಎಂದು ಹಾಕಿದರು. 1986ರಲ್ಲಿ "ಮದುವೆಯ ನಂತರ" ಎಂದಿದ್ದದ್ದು "ನಂತರ ಯಾವಾಗಲಾದರೂ" ಎಂದಾಯಿತು. ವರದಕ್ಷಿಣೆ ಸಾವಿನ 304ಬಿ ಕಲಮು ಬಂದದ್ದೂ ಅದೇ ವರ್ಷ.

ಇಷ್ಟಾದರೂ 2007ರಲ್ಲಿ, ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ, ಮನೆಖರ್ಚಿಗೆ ಮತ್ತು ಗೊಬ್ಬರ ಕೊಳ್ಳಲು ಹಣ ಕೇಳಿದರೆ ಅದು ಜನ ಸಾಮಾನ್ಯವಾಗಿ ತಿಳಿದಿರುವ ಅರ್ಥದಲ್ಲಿ ವರದಕ್ಷಿಣೆಯಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಗಂಡ ಮತ್ತು ಅತ್ತೆಗೆ ಬಿಡುಗಡೆಯಾಯಿತು.

2015ರಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ತಿದ್ದಿತು. ಕೇಡನ್ನು ಕಿತ್ತುಹಾಕಲೆಂದೇ ಮಾಡಿದ ಕಾನೂನನ್ನು ಆ ಉದ್ದೇಶ ಕೈಗೂಡುವಂತೆ ಓದಬೇಕು ಎಂದಿತು. ಗಂಡನ ಕಡೆಯವರು ಮದುವೆಯ ನಂತರ ಯಾವಾಗ ಹಣ ಕೇಳಿದರೂ, ಅದಕ್ಕೂ ಹೆಂಗಸಿನ ಸಾವಿಗೂ ನಂಟಿದ್ದರೆ, ಬೇರೆ ಕಾರಣ ಸ್ಪಷ್ಟವಾಗಿ ಕಾಣದ ಹೊರತು ಅದು ಮದುವೆಗೆ ಸಂಬಂಧಿಸಿದ್ದೇ ಎಂದಿತು. 2022ರಲ್ಲಿ ಮಧ್ಯಪ್ರದೇಶದ ಮೊಕದ್ದಮೆ ಬಂತು. ಮನೆ ಕಟ್ಟಲು ಹಣ ಬೇಕೆಂದು ಸೊಸೆಯೇ ತವರಿನಲ್ಲಿ ಕೇಳಿದ್ದಳು, ಹಾಗಾಗಿ ಅದು ವರದಕ್ಷಿಣೆಯಲ್ಲ ಎಂದು ಹೈಕೋರ್ಟು ಹೇಳಿತ್ತು. ಅವಳು ಯಾಕೆ ಕೇಳಿದಳು, ಯಾರ ಕಾಟಕ್ಕೆ ಕೇಳಿದಳು ಎಂದು ನೋಡಿದ ಸುಪ್ರೀಂ ಕೋರ್ಟು ಅದು ವರದಕ್ಷಿಣೆಯೇ ಎಂದಿತು.

"ಸಾವಿಗೆ ಸ್ವಲ್ಪ ಮುಂಚೆ" ಕಿರುಕುಳ ನಡೆದಿರಬೇಕು ಎಂಬ ಮಾತೂ ಹಾಗೆಯೇ. ಸ್ವಲ್ಪ ಎಂದರೆ ಎಷ್ಟು? ಹಿಂದಿನ ರಾತ್ರಿಯೇ ನಡೆದಿರಬೇಕೇ? ಬೇಕಿಲ್ಲ, ಕಿರುಕುಳಕ್ಕೂ ಸಾವಿಗೂ ನಡುವೆ ಹತ್ತಿರದ, ಜೀವಂತ ನಂಟು ಇದ್ದರೆ ಸಾಕು ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಒಂದು ಎಚ್ಚರವನ್ನೂ ಹೇಳಬೇಕು. ಸಂದರ್ಭ ನೋಡಿದ ಮಾತ್ರಕ್ಕೆ ತೀರ್ಪು ನಮ್ಮ ಕಡೆಗೇ ಬರುತ್ತದೆ ಎಂದಿಲ್ಲ. ಶಿಕ್ಷೆ ಕೊಡುವ ಕಾನೂನನ್ನು ಮನಸ್ಸಿಗೆ ಬಂದಂತೆ ಹಿಗ್ಗಿಸಲು ಆಗುವುದಿಲ್ಲ, ಆಗಲೂ ಬಾರದು. ಹಣ ಕೇಳಿದ್ದು, ಹಿಂಸೆ ಕೊಟ್ಟದ್ದು ಎರಡಕ್ಕೂ ಸಾಕ್ಷಿ ಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯ 304ಬಿ ಅದರಲ್ಲಿ 80ನೇ ಕಲಮು, 498ಎ ಈಗ 85 ಮತ್ತು 86ನೇ ಕಲಮುಗಳು. ನಂಬರು ಬದಲಾದರೂ ಮಾತುಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಹಳೆಯ ತೀರ್ಪುಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ.

ಕೋರ್ಟಿಗೆ ಸಂದರ್ಭ ತಿಳಿಯುವುದು ನಾವು ತಿಳಿಸಿದರೆ ಮಾತ್ರ. ಮಗಳು ದುಡ್ಡಿಗಾಗಿ ತವರಿಗೆ ಬಂದ ತಾರೀಖು ಬರೆದಿಡಿ. ಯಾರು ಕೇಳಿದರು, ಎಷ್ಟು ಕೇಳಿದರು ಬರೆದಿಡಿ. ಸಾಲ ಮಾಡಿ ಕೊಟ್ಟಿದ್ದರೆ ಪಾಸ್‌ಬುಕ್ಕು, ಒಡವೆ ಅಡವಿಟ್ಟ ಚೀಟಿ ಜೋಪಾನ ಮಾಡಿ. ಮೊಬೈಲಿಗೆ ಬಂದ ಸಂದೇಶ ಅಳಿಸಬೇಡಿ. ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ತೆಗೆದುಕೊಳ್ಳಿ. ಪಂಚಾಯ್ತಿ ಮಾಡಿಸಿದ್ದರೆ ಕೂತಿದ್ದವರ ಹೆಸರು ಬರೆದುಕೊಳ್ಳಿ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಟ್ಟು ರಕ್ಷಣೆಯನ್ನೂ, ಅದೇ ಮನೆಯಲ್ಲಿರುವ ಹಕ್ಕನ್ನೂ ಕೇಳಬಹುದು. 181ಕ್ಕೆ ಫೋನು ಮಾಡಬಹುದು.

ನಾನು ಹೇಳಿದ ಈ ತೀರ್ಪುಗಳೆಲ್ಲ ಸತ್ತುಹೋದ ಹೆಣ್ಣುಮಕ್ಕಳ ಹೆಸರಿನಲ್ಲಿ ಬಂದವು. ಆ ತಾಯಿಯ ಮಗಳು ಇನ್ನೂ ಬದುಕಿದ್ದಾಳೆ. "ಮನೆ ಕಟ್ಟೋಕೆ ಕೇಳಿದ್ದು" ಎಂದು ಸುಮ್ಮನಿರುವುದು ಬೇಡ. ಅವಳ ಮಾತನ್ನು ಇವತ್ತೇ ಬರೆದಿಡೋಣ, ನಾಳೆ ನಾಲ್ಕು ಜನ ಅವಳ ಜೊತೆ ಹೋಗೋಣ.