ಅಕ್ಕನಿಗೆ ಸಾಲ ಸಿಕ್ಕಿತು, ಸಂತೆ ಸಿಗಲಿಲ್ಲ

(ಬೆಂಗಳೂರಿನಲ್ಲಿ ದುಡಿಯುತ್ತಿರುವ ಕನ್ನಡ ಯುವಜನರ ಮುಂದೆ ಆಡಿದ ಮಾತುಗಳ ಬರಹ ರೂಪ)



ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಕೆಂಪು ಬಸ್ಸು ಹತ್ತುತ್ತೀರಿ. ಶಿರಾಡಿ ಘಾಟಿ ಇಳಿಯುವಾಗ ಕಣ್ಣು ತುಂಬ ನಿದ್ದೆ. ಬೆಳಗಾಗುವಾಗ ಸುಬ್ರಹ್ಮಣ್ಯ. ದೇವರ ದರ್ಶನ, ಊಟ, ಸಂಜೆಗೆ ಮತ್ತೆ ಬಸ್ಸು. ನೀವು ಬಂದು ಹೋದ ಊರು ಕಡಬ ತಾಲೂಕಿನದು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಪುತ್ತೂರು, ಸುಳ್ಯ ತಾಲೂಕುಗಳ ಹಳ್ಳಿಗಳನ್ನು ಬೇರ್ಪಡಿಸಿ 2018ರಲ್ಲಿ ಕಡಬವನ್ನು ಹೊಸ ತಾಲೂಕು ಮಾಡಿದರು. ಅಡಿಕೆ, ರಬ್ಬರು, ಕೊಕ್ಕೋ, ಹಲಸು ಬೆಳೆಯುವ ಸೀಮೆ. ಮನೆಯೊಳಗೆ ಒಬ್ಬರು ತುಳು, ಇನ್ನೊಬ್ಬರು ಅರೆಭಾಷೆ, ಮತ್ತೊಬ್ಬರು ಹವ್ಯಕ, ಬ್ಯಾರಿ, ಕೊಂಕಣಿ, ಮಲೆಯಾಳ ಮಾತಾಡುತ್ತಾರೆ. ಆದರೆ ಸಂಘದ ನಿರ್ಣಯ ಪುಸ್ತಕ ಬರೆಯುವಾಗ ಎಲ್ಲರ ಕೈಯಲ್ಲೂ ಕನ್ನಡ!

ಆ ಪುಸ್ತಕ ಬರೆಯುವ ಹೆಂಗಸರ ಬಗ್ಗೆ ಇವತ್ತು ಮಾತಾಡಬೇಕು.

ನನ್ನ ದೊಡ್ಡಮ್ಮನ ಮಗಳೊಬ್ಬಳು ಸುಳ್ಯದ ಕಡೆಯ ಹಳ್ಳಿಯಲ್ಲಿದ್ದಾಳೆ. ಹೆಸರು ಬೇಡ, ಅಕ್ಕ ಎನ್ನೋಣ. ಮದುವೆಯಾಗಿ ಬಂದ ದಿನದಿಂದ ಬೀಡಿ ಕಟ್ಟಿದಳು. ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ನಮ್ಮ ಜಿಲ್ಲೆಯಲ್ಲಿ ಮಕ್ಕಳನ್ನು ಓದಿಸಿದ, ಮನೆಗೆ ಹೆಂಚು ಹೊದೆಸಿದ ದುಡ್ಡಿನಲ್ಲಿ ಬೀಡಿಯ ದುಡ್ಡು ಎಷ್ಟಿದೆ ಎಂದು ಲೆಕ್ಕ ಇಟ್ಟವರು ಯಾರು? ಎಲೆ ಕೊಡುವವನು ಬೇರೆ, ಬೆಲೆ ಹೇಳುವವನು ಬೇರೆ, ಹೆಸರು ಮೆರೆಸುವವನು ಬೇರೆ. ಅಕ್ಕನದ್ದು ಬೆರಳು ಮಾತ್ರ.

ಒಂದು ದಿನ ಅಕ್ಕ ತಡ್ಪೆ ಬದಿಗಿಟ್ಟಳು. ಹಲಸಿನ ಹಪ್ಪಳಕ್ಕೆ ಕೈಹಾಕಿದಳು. ಬಲಿತ ಕಾಯಿಯ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು ಮೆಣಸು ಕೊತ್ತಂಬರಿ ಸೇರಿಸಿ ಅರೆದು, ಉಂಡೆ ಒತ್ತಿ, ಚಾಪೆಯ ಮೇಲೆ ಒಣಗಿಸುವ ಕೆಲಸ. ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ನೆರೆಮನೆಯ ನಾಲ್ವರನ್ನು ಜೊತೆ ಮಾಡಿಕೊಂಡಳು. ಸಾಲಕ್ಕೆಂದು ಬ್ಯಾಂಕಿಗೆ ಹೋದಳು. ಯಾವ ಬ್ಯಾಂಕು ಎಂದು ಕೇಳಬೇಡಿ, ಹೇಳುವುದಿಲ್ಲ. ಕೌಂಟರಿನಲ್ಲಿದ್ದ ಹುಡುಗ ಹಿಂದಿಯಲ್ಲಿ ಏನೋ ಕೇಳಿದ. ಕೊಟ್ಟ ಅರ್ಜಿ ಇಂಗ್ಲಿಷಿನದು. ಅಕ್ಕ ಎಸ್ಸೆಸ್ಸೆಲ್ಸಿ ಪಾಸು, ಕನ್ನಡದಲ್ಲಿ ಮುದ್ದಾಗಿ ಬರೆಯುತ್ತಾಳೆ. ಆದರೂ ಆ ಹೊತ್ತು ಅನಕ್ಷರಸ್ಥೆಯಾಗಿ ನಿಂತಳು. ತನ್ನದೇ ಊರಿನಲ್ಲಿ, ತನ್ನದೇ ದುಡ್ಡು ಇಟ್ಟ ಬ್ಯಾಂಕಿನಲ್ಲಿ!

ಗೆಳೆಯರೇ, ಇದು ಯಾವ ಮಣ್ಣಿನಲ್ಲಿ ನಡೆಯಿತು ಗೊತ್ತೇ? ಇಡೀ ದೇಶಕ್ಕೆ ಬ್ಯಾಂಕು ಕಟ್ಟಿಕೊಟ್ಟ ಮಣ್ಣಿನಲ್ಲಿ. ಪುತ್ತೂರಿನ ಮೊಳಹಳ್ಳಿ ಶಿವರಾಯರು 1909ರಲ್ಲೇ ಅಲ್ಲಿ ಸಹಕಾರ ಸಂಘ ಕಟ್ಟಿದರು. ಜಿಲ್ಲೆಗೆ ಸಹಕಾರದ ಪಾಠ ಹೇಳಿದವರು ಅವರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ! ಏಜೆಂಟ್ ಮನೆ ಬಾಗಿಲಿಗೆ ಬರುತ್ತಿದ್ದ, ಮನೆಯವರ ಭಾಷೆಯಲ್ಲಿ ಮಾತಾಡುತ್ತಿದ್ದ, ಅಡುಗೆಮನೆಯ ಡಬ್ಬಿಯಲ್ಲಿದ್ದ ಚಿಲ್ಲರೆ ಕಾಸು ಬಂಡವಾಳವಾಗುತ್ತಿತ್ತು. ಈಗ? 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾದೊಳಗೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೂ ಕರಗಿದವು. ನಮ್ಮವರು ಕಟ್ಟಿದ ಮೂರು ಹೆಸರು ಬೋರ್ಡಿನಿಂದ ಅಳಿದವು. ಹೆಸರು ಹೋದರೆ ಹೋಗಲಿ, ಕೌಂಟರಿನ ಕನ್ನಡವೂ ಹೋಗಬೇಕೇ?

ಗ್ರಾಹಕರು ಬಳಸುವ ಖಾತೆ ಅರ್ಜಿ, ಚಲನ್, ಪಾಸ್‌ಬುಕ್ ಮುಂತಾದವು ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆ, ಮೂರರಲ್ಲೂ ಸಿಗಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ಹಾಗಾಗಿ ಕನ್ನಡದ ಅರ್ಜಿ ಯಾರೋ ಕೊಡುವ ಭಿಕ್ಷೆಯಲ್ಲ, ನಮ್ಮ ಹಕ್ಕು. ಆದರೆ ಹಪ್ಪಳ ಒಣಗಲು ಹಾಕಿ ಬಂದ ಅಕ್ಕ ಅಲ್ಲಿ ನಿಂತು ಜಗಳ ಮಾಡುತ್ತಾಳೆಯೇ? ಮೋಡ ಕಂಡರೆ ಅವಳ ಎದೆ ಹೊಡೆದುಕೊಳ್ಳುತ್ತದೆ. ಕೇಳಬೇಕಾದವರು ನೀವು.

ಅಕ್ಕ ಬ್ಯಾಂಕಿನಿಂದ ಇಳಿದು ನೇರ ತನ್ನ ಸಂಘಕ್ಕೆ ಹೋದಳು. ಅಲ್ಲಿ ಅವಳ ಮಾತು ನಡೆಯಿತು. ಆ ಸಂಘಗಳ ಕತೆಯನ್ನೂ ಸ್ವಲ್ಪ ಕೇಳಿ. ಅದು ಹೊರಗಿನಿಂದ ಬಂದದ್ದಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಕರ್ನಾಟಕದಲ್ಲೇ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿತ್ತು. ದೊಡ್ಡ ಸಹಕಾರ ಸಂಘಗಳು ಮುರಿದು ಬಿದ್ದ ಕಡೆ ಒಬ್ಬರನ್ನೊಬ್ಬರು ನಂಬುವ ಸಣ್ಣ ಸಣ್ಣ ಗುಂಪುಗಳು ಉಳಿದುಕೊಂಡದ್ದನ್ನು ಅದು ಕಂಡಿತು. ಆ ಅನುಭವ ನೋಡಿ ನಬಾರ್ಡ್ 1992ರಲ್ಲಿ ಗುಂಪುಗಳಿಗೂ ಬ್ಯಾಂಕಿಗೂ ಗಂಟು ಹಾಕುವ ಯೋಜನೆ ತಂದಿತು. ನಮ್ಮ ಕರಾವಳಿಯಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಶುರುವಾಗಿತ್ತು. ಆಮೇಲೆ ಜಿಲ್ಲಾ ಸಹಕಾರಿ ಬ್ಯಾಂಕಿನ ಆಸರೆಯಲ್ಲಿ ನವೋದಯ ಗುಂಪುಗಳು ಬಂದವು. 2000ದಲ್ಲಿ ಸರಕಾರದ ಸ್ತ್ರೀಶಕ್ತಿ ಬಂತು, ಮುಂದೆ ಸಂಜೀವಿನಿ ಒಕ್ಕೂಟಗಳು. ವಾರಕ್ಕೊಂದು ದಿನ ಯಾರದೋ ಮನೆಯ ಜಗಲಿಯಲ್ಲಿ ಹತ್ತಿಪ್ಪತ್ತು ಹೆಂಗಸರು. ಒಬ್ಬಳು ಅಧ್ಯಕ್ಷೆ, ಒಬ್ಬಳು ಕಾರ್ಯದರ್ಶಿ. ಗಂಡನ ಮುಂದೆ ದನಿ ಎತ್ತದವಳು ಅಲ್ಲಿ ಲೆಕ್ಕ ಓದುತ್ತಾಳೆ, ಸಹಿ ಹಾಕುತ್ತಾಳೆ. ಕಮ್ಮಿ ಮಾತೇ ಇದು?

ಸಂಘ ಅಕ್ಕನಿಗೆ ಸಾಲ ಕೊಟ್ಟಿತು. ಹಪ್ಪಳ ಆಯಿತು. ಆಮೇಲೆ?

ಆಮೇಲಿನ ಕತೆಯೇ ನಿಜವಾದ ಕತೆ. ಊರಿನಲ್ಲಿ ಹಪ್ಪಳ ಕೊಳ್ಳುವವರು ಯಾರು? ಎಲ್ಲರ ಮನೆಯಲ್ಲೂ ಅದೇ ಹಲಸು. ಪೇಟೆಯ ಅಂಗಡಿಯವನು ಅರ್ಧ ಬೆಲೆ ಕೇಳಿದ, ಅದೂ ಮಾರಾಟವಾದ ಮೇಲೆ ದುಡ್ಡು. ಬೆಂಗಳೂರಿನ ಒಂದು ಅಂಗಡಿಯವನು ನೋಂದಣಿ ನಂಬರು ಎಲ್ಲಿ, ಲೇಬಲ್ ಎಲ್ಲಿ, ಬಾರ್‌ಕೋಡ್ ಎಲ್ಲಿ ಎಂದ. ಮಳೆ ಬಂತು. ಡಬ್ಬಿಯಲ್ಲಿದ್ದ ಹಪ್ಪಳ ತೇವ ಹಿಡಿಯಿತು. ವಾರದ ಕಂತು ಮಾತ್ರ ತಪ್ಪಲಿಲ್ಲ. ಅಕ್ಕ ಮತ್ತೆ ತಡ್ಪೆ ಹಿಡಿದಳು, ಬೀಡಿ ಕಟ್ಟಿ ಹಪ್ಪಳದ ಸಾಲ ತೀರಿಸಿದಳು!

ಸಾಲ ಸಿಕ್ಕಿದ ಮಾತ್ರಕ್ಕೆ ಉದ್ಯಮ ಆಗುವುದಿಲ್ಲ, ಗೆಳೆಯರೇ. ಹೆಣ್ಣುಮಕ್ಕಳಿಗೆ ಸಾಲ ಕೊಟ್ಟೆವು, ಉದ್ಧಾರ ಮಾಡಿದೆವು ಎಂದು ಭಾಷಣ ಬಿಗಿಯುವವರಿಗೆ ಇದನ್ನು ಹೇಳಬೇಕು. ಬರಿ ಸಾಲದ ಮೇಲೆ ಸಾಲ ಹೊರಿಸಿದರೆ ಏನಾಗುತ್ತದೆ ಎಂಬುದನ್ನು ರಾಜ್ಯ ಕಂಡಿದೆ. ಖಾಸಗಿ ಮೈಕ್ರೋ ಫೈನಾನ್ಸ್‌ನವರ ವಸೂಲಿ ಕಾಟ ತಡೆಯಲು 2025ರಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲಕ್ಕೆ ಬಾಗಿಲು ನೂರು, ಸರಕಿಗೆ ಬಾಗಿಲು ಒಂದೂ ಇಲ್ಲ ಎಂದರೆ ಹೀಗೆಯೇ.

ನಮಗೆ ಬಾಗಿಲು ಕಟ್ಟಲು ಬರುವುದಿಲ್ಲವೇ? ಬರುತ್ತದೆ! ಎಪ್ಪತ್ತರ ದಶಕದ ಮೊದಲಲ್ಲಿ ಅಡಿಕೆ ಧಾರಣೆ ಕುಸಿದಾಗ ಬೆಳೆಗಾರರು ಕೈಕಟ್ಟಿ ಕೂರಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಕೊಕ್ಕೋ ಕೊಳ್ಳುವವರಿಲ್ಲದಾಗ ಅದನ್ನೂ ಕ್ಯಾಂಪ್ಕೊ ಕೊಂಡಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆಯೇ ಎದ್ದಿತು. ರೈತರೇ ಒಡೆಯರಾದ ಚಾಕಲೇಟು! ಹಾಗಾದರೆ ಕೇಳುತ್ತೇನೆ: ತೋಟದ ಅಡಿಕೆಗೆ ಕ್ಯಾಂಪ್ಕೊ ಕಟ್ಟಿದ ಸೀಮೆ, ಜಗಲಿಯ ಹಪ್ಪಳಕ್ಕೆ ಅಷ್ಟೇ ಗಟ್ಟಿಯಾದ ಒಂದು ಮನೆಯನ್ನು ಏಕೆ ಕಟ್ಟಲಿಲ್ಲ? ಅಡಿಕೆ ಗಂಡಸಿನ ಬೆಳೆ, ಹಪ್ಪಳ ಹೆಂಗಸಿನ ಹವ್ಯಾಸ ಎಂದೇ?

ಅದು ಹವ್ಯಾಸ ಅಲ್ಲ. ಸುಳ್ಯದ ಸಂಪಾಜೆ, ಅರಂತೋಡು ಕಡೆ ಹೋಗಿ ನೋಡಿ. ಹಳದಿ ಎಲೆ ರೋಗಕ್ಕೆ ಸಿಕ್ಕ ತೋಟಗಳು ಬೋಳಾಗಿವೆ. ಎಲೆಚುಕ್ಕಿ ರೋಗವೂ ಜೊತೆಗೂಡಿದೆ. ತೋಟ ಕೈಕೊಟ್ಟ ಮನೆಯಲ್ಲಿ ಒಲೆ ಉರಿಯುವುದು ಹೆಂಗಸರ ಹಪ್ಪಳ, ಉಪ್ಪಿನಕಾಯಿ, ಹಾಲು, ಟೈಲರಿಂಗ್, ಮಲ್ಲಿಗೆಯಿಂದ.

ಮುಂಬಯಿಯ ಲಿಜ್ಜತ್ ಪಾಪಡ್ ನಿಮ್ಮಲ್ಲಿ ಎಲ್ಲರಿಗೂ ಗೊತ್ತು. 1959ರಲ್ಲಿ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಶುರು ಮಾಡಿದ್ದು. ಅವರ ಹಪ್ಪಳ ನಮ್ಮ ಅಕ್ಕನದ್ದಕ್ಕಿಂತ ರುಚಿ ಎಂದೇನಲ್ಲ. ಒತ್ತಿದ ಪ್ರತಿಯೊಬ್ಬಳೂ ಅಲ್ಲಿ ಪಾಲುಗಾರ್ತಿ, ಹೆಸರು ಒಂದೇ, ಮಾರುವ ಜಾಲ ಒಂದೇ. ವ್ಯತ್ಯಾಸ ಇಷ್ಟೇ.

ಜಾಲ ಎಂದರೆ ದೊಡ್ಡ ಕಟ್ಟಡ ಬೇಡ. ಒಂದು ಮಾತು ಸಾಕು. 2021ರ ಲಾಕ್‌ಡೌನ್ ನೆನಪಿದೆಯೇ? ಬಾಳೆಗೊನೆ ತೋಟದಲ್ಲೇ ಕೊಳೆಯುತ್ತಿತ್ತು. ಪುತ್ತೂರಿನಿಂದ 1988ರಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಬಾಳೆಕಾಯಿ ಒಣಗಿಸಿ ಹುಡಿ ಮಾಡಿ ಎಂದರು. ಬಾಳೆಕಾಯಿ ಹುಡಿ, ಚಿಕ್ಕದಾಗಿ ‘ಬಾಕಾಹು’! ವಾಟ್ಸಾಪಿನಲ್ಲಿ ಆ ಪದ ಹಬ್ಬಿತು. ಮಲೆನಾಡು, ಕರಾವಳಿಯ ಗೃಹಿಣಿಯರು ಮಾಡಿ ನೋಡಿದರು, ದೋಸೆ, ರೊಟ್ಟಿ, ಬಿಸ್ಕತ್ತಿನ ಫೋಟೊ ಹಾಕಿದರು, ಒಬ್ಬಳ ತಪ್ಪನ್ನು ಇನ್ನೊಬ್ಬಳು ತಿದ್ದಿದಳು. ಕೆಲವರು ಮಾರಾಟಕ್ಕೂ ಇಳಿದರು. ಇಡೀ ಪಾಠಶಾಲೆ ಕನ್ನಡದಲ್ಲಿ ನಡೆಯಿತು. ‘ಬನಾನಾ ಫ್ಲೋರ್’ ಎಂದಿದ್ದರೆ ಅದು ಅಡುಗೆಮನೆಯ ಹೊಸ್ತಿಲು ದಾಟುತ್ತಿತ್ತೇ? ಹುಡಿ ಎಂದದ್ದಕ್ಕೆ ದಾಟಿತು! ಭಾಷೆ ಬಾವುಟಕ್ಕೆ, ಮೆರವಣಿಗೆಗೆ ಮಾತ್ರ ಎಂದು ತಿಳಿದವರು ಇದನ್ನು ನೋಡಬೇಕು. ಹೆಣ್ಣೊಬ್ಬಳ ವ್ಯಾಪಾರಕ್ಕೆ ಭಾಷೆ ಬಂಡವಾಳ.

ಅದೇ ಭಾಷೆಗೆ ಪೊಟ್ಟಣದ ಮೇಲೆ ಏನು ಬೆಲೆ? ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಓದಿ. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಿ. ಅಂದರೆ ಸುಳ್ಯದ ಅಕ್ಕ ಪುತ್ತೂರಿನ ಅಕ್ಕನಿಗೆ ಹಪ್ಪಳದ ಪೊಟ್ಟಣ ಮಾರಬೇಕಾದರೆ ಇಬ್ಬರಿಗೂ ಮನೆಮಾತಲ್ಲದ ಭಾಷೆ ಕಡ್ಡಾಯ, ಇಬ್ಬರೂ ಓದುವ ಕನ್ನಡ ಐಚ್ಛಿಕ! ಇತ್ತ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, ಇಲ್ಲಿ ತಯಾರಾದ ಸರಕಿನ ಮೇಲೆ ಕನ್ನಡ ಇರಲಿ ಎನ್ನುತ್ತದೆ. ಎರಡು ಕಾನೂನಿನ ನಡುವೆ ನಿಂತವಳು ಅಕ್ಕ. ಕೇಂದ್ರದ ನಿಯಮ ಬದಲಾಗಲಿ ಎಂದು ನಾವು ಕೂಗಬೇಕು, ಕೂಗೋಣ. ಆದರೆ ಅದು ಬದಲಾಗುವ ತನಕ ಅಕ್ಕನ ಲೇಬಲ್ ಬರೆದುಕೊಡುವವರು ಯಾರು?

ಈಗ ನಿಮ್ಮ ಸರದಿ. ಹಡೆದ ಊರಿಗೆ ಚಂದಾ ಕೊಡಿ ಎಂದು ಕೇಳಲು ನಾನು ಬಂದಿಲ್ಲ. ನಿಮ್ಮ ಕೈಯಲ್ಲಿ ಇರುವುದನ್ನೇ ಕೇಳುತ್ತೇನೆ.

ನಿಮಗೆ ಇಂಗ್ಲಿಷ್ ಬರುತ್ತದೆ, ಕಂಪ್ಯೂಟರ್ ಬರುತ್ತದೆ. ನಿಮ್ಮಲ್ಲಿ ಐದು ಮಂದಿ ಸೇರಿ ಒಂದು ಸಂಘದ ಕೈ ಹಿಡಿಯಿರಿ. ನೋಂದಣಿ ಅರ್ಜಿ ತುಂಬಿ ಕೊಡಿ, ತುಂಬಿದ್ದು ಏನೆಂದು ಕನ್ನಡದಲ್ಲಿ ಓದಿ ಹೇಳಿ. ಓದಿ ಹೇಳದೆ ಯಾರ ಸಹಿಯನ್ನೂ ಹಾಕಿಸಬೇಡಿ. ಎರಡು ಭಾಷೆಯ ಲೇಬಲ್ ಮಾಡಿಕೊಡಿ, ಕನ್ನಡವನ್ನು ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. 2020ರಲ್ಲಿ ಕೇಂದ್ರ ತಂದ ಸಣ್ಣ ಆಹಾರ ಉದ್ದಿಮೆಗಳ ಯೋಜನೆಯಲ್ಲಿ ಯಂತ್ರ, ಘಟಕಕ್ಕೆ ನೂರಕ್ಕೆ 35ರಷ್ಟು ಸಹಾಯಧನ, ಆಹಾರ ತಯಾರಿಸುವ ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿ ತನಕ ಮೂಲಧನ ಎಂದು ಬರೆದಿದ್ದರು. ಎಷ್ಟು ಅಕ್ಕಂದಿರ ಕಿವಿಗೆ ಬಿತ್ತು? ಹೊಸ ಯೋಜನೆ ಬಂದ ದಿನವೇ ಅದರ ಸಾರ ಒಂದು ಪುಟ ಕನ್ನಡದಲ್ಲಿ ಜಗಲಿಗೆ ತಲುಪಬೇಕು. ತಲುಪಿಸಿ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ, ಆಫೀಸಿನಲ್ಲಿ ಇಪ್ಪತ್ತು ಮನೆಯ ಆರ್ಡರ್ ಕೂಡಿಸಿ, ಮುಂಗಡ ಕಳಿಸಿ. ಮಳೆಗಾಲಕ್ಕೆ ಮೊದಲೇ ಕಳಿಸಿ. ಅಕ್ಕನಿಗೆ ಬೇಕಾದದ್ದು ಕನಿಕರವಲ್ಲ, ಮುಂಗಡ. ಹಪ್ಪಳ ದಪ್ಪ ಆಯಿತು, ಉಪ್ಪು ಹೆಚ್ಚಾಯಿತು ಎಂದರೆ ಮುಚ್ಚಿಡದೆ ಹೇಳಿ. ಹೊಗಳಿ ಸುಮ್ಮನಾಗುವವರಿಗಿಂತ ತಪ್ಪು ಹೇಳಿ ಮತ್ತೆ ಕೊಳ್ಳುವವರು ಅವಳಿಗೆ ಬೇಕು.

ಮತ್ತೊಂದು. ಅಡಿಕೆ ಹಾಳೆಯ ತಟ್ಟೆಯ ವಿಷಯದಲ್ಲಿ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಇಲಾಖೆ ತಕರಾರು ತೆಗೆಯಿತು. ಅಲ್ಲಿ ಕುಳಿತವನು ಬರೆದ ಒಂದು ಕಾಗದಕ್ಕೆ ಇಲ್ಲಿ ಹಾಳೆ ಹೆಕ್ಕುವವಳ ಕೂಲಿ ಅಲುಗುತ್ತದೆ. ಒಬ್ಬಳೇ ಹೆಣ್ಣು ಅದಕ್ಕೆ ಏನು ಉತ್ತರ ಕೊಟ್ಟಾಳು? ಒಕ್ಕೂಟ ಇದ್ದರೆ, ಆ ಒಕ್ಕೂಟಕ್ಕೆ ಓದಿದ ಮಕ್ಕಳ ಬೆನ್ನಾಸರೆ ಇದ್ದರೆ ಕೊಟ್ಟಾಳು.

ಈ ಸಲ ಊರಿಗೆ ಹೋದಾಗ ಬ್ಯಾಂಕಿಗೆ ನಿಮ್ಮ ಅಮ್ಮನ ಜೊತೆ ಹೋಗಿ. ಕೌಂಟರಿನಲ್ಲಿ ಗಟ್ಟಿಯಾಗಿ ಕನ್ನಡದ ಅರ್ಜಿ ಕೇಳಿ. ಆ ಹುಡುಗನನ್ನು ಬೈಯಬೇಡಿ, ಅವನೂ ಹೊಟ್ಟೆಪಾಡಿಗೆ ದೂರದಿಂದ ಬಂದವನು. ಮ್ಯಾನೇಜರಿಗೆ ಬರೆದು ಕೊಡಿ, ಉತ್ತರ ಬರುವ ತನಕ ಬಿಡಬೇಡಿ. ನೀವು ಕೇಳಿದ ಒಂದು ಅರ್ಜಿ ನಿಮ್ಮ ಹಿಂದೆ ಸಾಲಿನಲ್ಲಿ ನಿಂತ ಹತ್ತು ಹೆಂಗಸರಿಗೆ ದಾರಿ.

ನಮ್ಮ ಅಕ್ಕ ಈ ವರ್ಷವೂ ಹಪ್ಪಳ ಒತ್ತುವೆನೆಂದು ಹೇಳಿದ್ದಾಳೆ. “ಈ ಸಲ ಕೊಳ್ಳುವವರು ಮೊದಲು, ಸಾಲ ಆಮೇಲೆ” ಎಂದಳು. ಹತ್ತು ಭಾಷಣದ ಬುದ್ಧಿ ಆ ಒಂದು ಮಾತಿನಲ್ಲಿದೆ. ಹಲಸು ಕಾಯಿ ಬಿಟ್ಟಿದೆ, ಮಳೆಗೆ ಇನ್ನು ಹೆಚ್ಚು ದಿನ ಇಲ್ಲ. ಕೊಳ್ಳುವವರ ಪಟ್ಟಿಯಲ್ಲಿ ಮೊದಲ ಹೆಸರು ಯಾರದ್ದು?